ಹದಿನೈದರ ಹುಡುಗ, ಸುರಪುರದ ‘ಅಪ್ಪ’

ನನ್ನ ತಮ್ಮ ಊರು ಬಿಟ್ಟಾಗ ಅವನಿಗೆ ಹದಿನೈದು ವರ್ಷ. ಆ ಸಲ ತೊಗರಿ ಕೈಕೊಟ್ಟಿತ್ತು, ಅಂಗಡಿಯ ಬಾಕಿ ಬೆಳೆದಿತ್ತು. ಅಪ್ಪ ಅವನನ್ನು ಸೈಕಲ್ ಮೇಲೆ ಕೂಡಿಸಿಕೊಂಡು ದುಬಲಗುಂಡಿಯಿಂದ ಹುಮನಾಬಾದಿಗೆ ಹೋಗಿ, ಹೈದರಾಬಾದಿನ ಬಸ್ಸು ಹತ್ತಿಸಿ ಬಂದ. ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಜತೆ ಬಟ್ಟೆ. ಅವ್ವ ಹೇಳಿದ್ದು ಒಂದೇ ಮಾತು: “ಯಾರ ಮುಂದೂ ಅಳಬ್ಯಾಡ. ಅಲ್ಲಿ ಮಂದಿ ಮಾತ ಲಗೂನ ಕಲ್ತ್ಕೊ.”

ಆಮೇಲೆ ನಾನು ಇತಿಹಾಸ ಕಲಿಸುವ ಮಾಸ್ತರನಾದೆ. ಒಂದು ಮಳೆಗಾಲ ಫಿಲಿಪ್ ಮೆಡೋಸ್ ಟೇಲರನ ಆತ್ಮಕಥೆ ಕೈಗೆ ಸಿಕ್ಕಿತು. ಮೊದಲ ಪುಟಗಳಲ್ಲೇ ನನಗೆ ಕಂಡದ್ದು ಹುಮನಾಬಾದಿನ ಆ ಬಸ್ ನಿಲ್ದಾಣ.

ಟೇಲರ್ ಹುಟ್ಟಿದ್ದು 1808ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಸ್ಥ, ವ್ಯಾಪಾರ ಮುರಿದುಬಿತ್ತು. 1824ರಲ್ಲಿ ಮಗನನ್ನು ಮುಂಬೈಯ ಹಡಗು ಹತ್ತಿಸಿದಾಗ ಹುಡುಗನಿಗೆ ಹದಿನೈದು. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಬರುವ ಹಡಗುಗಳು ಆಫ್ರಿಕಾವನ್ನು ಬಳಸಿಕೊಂಡು ತಿಂಗಳುಗಟ್ಟಲೆ ನೀರಿನ ಮೇಲೇ ಇರುತ್ತಿದ್ದವು. ಮುಂಬೈಯಲ್ಲಿ ಬ್ಯಾಕ್ಸ್‌ಟರ್ ಎಂಬ ವ್ಯಾಪಾರಿಯ ಕೈಕೆಳಗೆ ಕೆಲಸ, ಇಪ್ಪತ್ತೊಂದು ತುಂಬಿದ ಮೇಲೆ ಪಾಲುದಾರಿಕೆ ಎಂದು ಮಾತಾಗಿತ್ತು. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧು ನ್ಯೂನ್‌ಹ್ಯಾಮ್ ಮರುಗಿ, ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಒಂದು ಹುದ್ದೆ ಕೊಡಿಸಿದ. ಆ ವರ್ಷದ ಕೊನೆಯ ಹೊತ್ತಿಗೆ ಹುಡುಗ ಔರಂಗಾಬಾದಿನಲ್ಲಿದ್ದ.

ಆ ಶತಮಾನದಲ್ಲಿ ಇಂಗ್ಲೆಂಡಿನಿಂದ ಲಕ್ಷಾಂತರ ಜನ ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿದರು. ಅಲ್ಲಿ ಮೂಲದವರ ನೆಲವನ್ನು ಕಿತ್ತುಕೊಂಡು ಹೊಲ, ಮನೆ, ಊರು ಕಟ್ಟಿ ಅಲ್ಲಿಯವರೇ ಆದರು. ಇಂಡಿಯಾದ ಮಾತು ಬೇರೆ. ಈಸ್ಟ್ ಇಂಡಿಯಾ ಕಂಪನಿಯ ನೌಕರನಲ್ಲದ ಬಿಳಿಯ ಇಲ್ಲಿ ನೆಲೆಸುವುದಕ್ಕೆ, ಜಮೀನು ಹಿಡಿಯುವುದಕ್ಕೆ 1833ರ ಕಾಯಿದೆ ಬರುವವರೆಗೆ ಅಡ್ಡಿಗಳಿದ್ದವು. ಕೊಡಗಿನಲ್ಲಿ ಫೌಲರ್ ಎಂಬವನು ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಹಾಕಿದ್ದು 1854ರಲ್ಲಿ. ಮಿಕ್ಕವರಲ್ಲಿ ಬಹಳಷ್ಟು ಜನ ದುಡಿದು, ಪಿಂಚಣಿ ಗಳಿಸಿ, ಬದುಕಿ ಉಳಿದರೆ ಮರಳಿ ಹೋಗಲೆಂದೇ ಬಂದವರು. ಅಂಥವರ ನಡುವೆ ಟೇಲರ್ ನನ್ನನ್ನು ಹಿಡಿದು ನಿಲ್ಲಿಸುವುದು ನಮ್ಮ ಅವ್ವ ಹೇಳಿದ್ದನ್ನು ಅವನು ಮಾಡಿದ್ದರಿಂದ. ಅವನು ಮಂದಿಯ ಮಾತು ಕಲಿತ. ಹಿಂದುಸ್ತಾನಿ, ಆಮೇಲೆ ಮರಾಠಿ. ದುಭಾಷಿಯನ್ನು ನಡುವೆ ನಿಲ್ಲಿಸಿಕೊಳ್ಳದೆ ರೈತರ ಹತ್ತಿರ, ಕಳ್ಳರ ಹತ್ತಿರ, ಪೂಜಾರಿಗಳ ಹತ್ತಿರ ತಾನೇ ಮಾತಾಡುತ್ತಿದ್ದ. ಹಾಗೆ ಕೇಳಿಸಿಕೊಂಡದ್ದೇ 1839ರಲ್ಲಿ ‘ಒಬ್ಬ ಠಕ್ಕನ ತಪ್ಪೊಪ್ಪಿಗೆ’ ಎಂಬ ಅರ್ಥದ ಹೆಸರಿನ ಕಾದಂಬರಿಯಾಗಿ ಬಂದು ಲಂಡನ್ನಿನಲ್ಲಿ ಅವನನ್ನು ಮನೆಮಾತಾಗಿಸಿತು.

ಮದುವೆಯೂ ಇಲ್ಲಿಯದೇ. ಹೆಂಡತಿ ಮೇರಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಈ ದೇಶದ ಮುಸ್ಲಿಂ ಮನೆತನದ ಬೇಗಂ. ಮೇರಿ 1844ರಲ್ಲಿ ತೀರಿಕೊಂಡಳು. ಅಲ್ಲಿಂದ ಮುಂದೆ 1853ರವರೆಗೆ ಅವನ ಒಂಟಿ ಬದುಕು ಸುರಪುರದ ಗುಡ್ಡದ ಮೇಲೆ.

ಸುರಪುರ ಈಗ ಯಾದಗಿರಿ ಜಿಲ್ಲೆಯಲ್ಲಿದೆ. ಅಂದು ಅದು ಬೇಡ ನಾಯಕರ ಸಂಸ್ಥಾನ. 1841ರ ಕೊನೆಗೆ ಟೇಲರನನ್ನು ಅಲ್ಲಿಗೆ ಕಳಿಸಿದಾಗ ರಾಜನಾಗಬೇಕಾದ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಕೂಸು. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡನಾಯಕ ಇನ್ನೊಂದು ಕಡೆ, ನಡುವೆ ಸಾಲದಲ್ಲಿ ಮುಳುಗಿದ ಖಜಾನೆ. ಹನ್ನೆರಡು ವರ್ಷ ಟೇಲರ್ ಅಲ್ಲಿ ಆಡಳಿತ ನಡೆಸಿದ. ಹುಡುಗನಿಗೆ ಓದು ಕಲಿಸುವ ವ್ಯವಸ್ಥೆಯನ್ನೂ ಮಾಡಿದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆಗೆ ಜನ ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ರಾಜಾ ಪಾಮನಾಯಕನ ಕಾಲದ ಬೋನಾಳ ಕೆರೆಯನ್ನು ಅವನು ಸುಧಾರಿಸಿದ. ರಂಗನತಿಟ್ಟಿನ ನಂತರ ರಾಜ್ಯದ ಎರಡನೆಯ ದೊಡ್ಡ ಪಕ್ಷಿಧಾಮ ಇಂದು ಅದೇ. ಮಕ್ಕಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋದದ್ದು ಚಳಿಗಾಲದಲ್ಲಿ. ನೀರಿನ ಮೇಲೆಲ್ಲ ಹಕ್ಕಿ. ಅವುಗಳಲ್ಲೂ ಎಷ್ಟೋ ದೂರದ ದೇಶದಿಂದ ಬಂದವೆಂದು ಹೇಳಿದೆ, ಮಕ್ಕಳು ನಂಬಲಿಲ್ಲ.

ಬಿಡುವಿದ್ದಾಗ ಅವನು ರಾಜನಕೋಳೂರು, ಜೇವರ್ಗಿ, ವಿಭೂತಿಹಳ್ಳಿಗಳ ಬಯಲಲ್ಲಿ ತಿರುಗಿ, ನಮ್ಮ ಜನ ಮೋರಿಯರ ಮನೆ ಎನ್ನುವ ಕಲ್ಲುಚಪ್ಪಡಿಯ ಗೋರಿಗಳನ್ನು ಅಳೆದು ಚಿತ್ರ ಬರೆದ, ಅಗೆಸಿಯೂ ನೋಡಿದ. ಇಂಥವೇ ಕಲ್ಲುಗಳು ತನ್ನ ಸೀಮೆಯಲ್ಲೂ ಇವೆಯಲ್ಲ ಎಂದು ಬೆರಗಾದ. ಎರಡನ್ನೂ ಕಟ್ಟಿದವರು ಒಂದೇ ಕುಲದವರು ಎಂಬ ಅವನ ಊಹೆ ನಿಲ್ಲುವಂಥದ್ದಲ್ಲ. ಆದರೆ ಊರಿನಿಂದ ಅಷ್ಟು ದೂರ, ಒಂಟಿಯಾಗಿ ಬದುಕುವವನಿಗೆ ಆ ಕಲ್ಲುಗಳ ಗುರುತು ಹತ್ತಿದಾಗ ಏನನಿಸಿರಬೇಕು ಎಂದು ಯೋಚಿಸಿದರೆ ನನಗೆ ಎದೆ ತುಂಬಿ ಬರುತ್ತದೆ. ನನ್ನ ತಮ್ಮ ಮೊದಲ ಪತ್ರದಲ್ಲಿ ಬರೆದದ್ದು ಅಲ್ಲೂ ಒಂದು ಹುಣಸೆಮರ ಇದೆಯೆಂದು.

1853ರಲ್ಲಿ ನಿಜಾಮ ಸಾಲಕ್ಕಾಗಿ ಬೆರಾರ್, ರಾಯಚೂರು ದೋಆಬ್, ನಳದುರ್ಗದ ಸೀಮೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅದೇ ವರ್ಷ ವೆಂಕಟಪ್ಪ ನಾಯಕನ ಕೈಗೆ ಸಂಸ್ಥಾನ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಬಂದ. ನಮ್ಮ ಹುಮನಾಬಾದಿನಿಂದ ಸೊಲ್ಲಾಪುರದ ಹಾದಿ ಹಿಡಿದು ಉಮರ್ಗಾ ದಾಟಿದರೆ ಬರುವ ಕೋಟೆ ಅದೇ. ತುಳಜಾಪುರಕ್ಕೆ ಹೋಗುವಾಗ ನಾವು ಅಲ್ಲಿ ಇಳಿದು, ಪಾನಿ ಮಹಲಿನ ಮೇಲಿಂದ ಬೀಳುವ ನರ–ಮಾದಿ ಎಂಬ ಎರಡು ಧಾರೆಗಳನ್ನು ನೋಡದೆ ಮುಂದೆ ಹೋಗುವವರಲ್ಲ. ಆ ಕೋಟೆಯೊಳಗೆ ಅವನು ಮನೆ ಮಾಡಿಕೊಂಡಿದ್ದ.  ತುಳಜಾಪುರದ ಅಂಬಾಭವಾನಿಯ ಗುಡಿ ಅವನ ಮನಸ್ಸಿನಲ್ಲಿ ಎಷ್ಟು ಕೂತಿತೆಂದರೆ, 1863ರಲ್ಲಿ ಪ್ರಕಟವಾದ ‘ತಾರಾ’ ಕಾದಂಬರಿಯ ನಾಯಕಿ ಅಲ್ಲಿಯ ಬ್ರಾಹ್ಮಣರ ಮನೆಯ ಬಾಲವಿಧವೆ. ಜನ ಅವನನ್ನು ‘ಮಹಾದೇವ ಬಾಬಾ’ ಎಂದು ಕರೆಯುತ್ತಿದ್ದರಂತೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ಸುಳ್ಳು ಹೇಳಿದಂತೆ. 1857ರ ಬಿಸಿ ಸುರಪುರಕ್ಕೂ ತಟ್ಟಿತು. 1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ಮೇಲೆ ತಿರುಗಿಬಿದ್ದ. ಸೋತು ಹೈದರಾಬಾದಿಗೆ ಹೋದವನನ್ನು ಅಲ್ಲಿ ಹಿಡಿದರು. ಸೆರೆಯಲ್ಲಿದ್ದವನನ್ನು ಕಾಣಲು ಟೇಲರ್ ಹೋದಾಗ, ಆ ಯುವಕ “ಅಪ್ಪಾ, ಅಪ್ಪಾ” ಎಂದು ಕೊರಳಿಗೆ ಬಿದ್ದು ಅತ್ತನೆಂದು ಟೇಲರನೇ ಬರೆದಿದ್ದಾನೆ. ಕಳ್ಳನಂತೆ ತನ್ನನ್ನು ನೇಣಿಗೆ ಹಾಕಬಾರದು ಎಂಬುದೊಂದೇ ಅವನ ಕೋರಿಕೆ. ಮರಣದಂಡನೆ ಇಳಿದು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, ಹೈದರಾಬಾದ್ ಬಿಟ್ಟ ಸ್ವಲ್ಪದರಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಅವನು ಸತ್ತ. ಟೇಲರನನ್ನು ಮತ್ತೆ ಸುರಪುರಕ್ಕೆ ಕಳಿಸಿದರು, ಈ ಸಲ ರಾಜನಿಲ್ಲದ ಸಂಸ್ಥಾನಕ್ಕೆ ಕಮಿಷನರನಾಗಿ. 1860ರಲ್ಲಿ ಇಂಗ್ಲಿಷರು ಅದನ್ನು ನಿಜಾಮನಿಗೆ ಕೊಟ್ಟುಬಿಟ್ಟರು.

ಟೇಲರನ ಪ್ರೀತಿ ನಟನೆಯೆಂದು ನಾನು ನಂಬಲಾರೆ. ಹುಡುಗನನ್ನು ಅವನು ಎತ್ತಿ ಆಡಿಸಿದ್ದು ನಿಜ, ರೈತನ ಕಂದಾಯ ಹಗುರಾಗಲಿ ಎಂದು ಬಯಸಿದ್ದೂ ನಿಜ. ಆದರೆ ಆ ಪ್ರೀತಿ ಸರಕಾರ ಬಿಡಿಸಿದ ಗೆರೆಯ ಆಚೆ ಕಾಲಿಡಲಿಲ್ಲ. ‘ಅಪ್ಪಾ’ ಎಂದವನ ನೆಲ ಹೋಗುವಾಗ ಅವನು ಇದ್ದದ್ದು ನೆಲ ತೆಗೆದುಕೊಂಡವರ ಕಡೆ. ಮೂವತ್ತು ವರ್ಷ ಪಾಠ ಹೇಳುವಾಗ ಮಕ್ಕಳಿಗೆ ಈ ಎರಡನ್ನೂ ಒಟ್ಟಿಗೆ ಹೇಳಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲು ನನ್ನ ನಾಲಿಗೆ ಒಪ್ಪಲಿಲ್ಲ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಹೊರಟುಹೋದ. ಐರ್ಲೆಂಡಿನ ಡಬ್ಲಿನ್ ಬಳಿ ನೆಲೆಸಿ ಕಾದಂಬರಿ ಬರೆದ. ಆ ಕಾದಂಬರಿಗಳಲ್ಲಿ ಇರುವುದೆಲ್ಲ ಇಲ್ಲಿಯದೇ ಕೋಟೆ, ಗುಡಿ, ಜನ. 1875ರಲ್ಲಿ, ಅರವತ್ತೇಳನೇ ವಯಸ್ಸಿನಲ್ಲಿ, ಕಣ್ಣಿನ ಬೆಳಕು ಆರುತ್ತಿರುವಾಗ, ನಿಜಾಮನ ದಿವಾನ ಸಾಲಾರ್ ಜಂಗ್ ಕರೆದನೆಂದು ಹೈದರಾಬಾದಿಗೆ ಮರಳಿದ. ಇಲ್ಲಿ ಜ್ವರ ಹಿಡಿಯಿತು, ಕಣ್ಣು ಪೂರ್ತಿ ಹೋಯಿತು. ವಾಪಸು ಹೋಗುವಾಗ 1876ರ ಮೇ 13ರಂದು ಫ್ರಾನ್ಸಿನ ಕಡಲತೀರದ ಮೆಂಟನ್ನಿನಲ್ಲಿ ತೀರಿಕೊಂಡ. ಮರುವರ್ಷ ಮಗಳು ಅವನ ಆತ್ಮಕಥೆಯನ್ನು ಅಚ್ಚು ಹಾಕಿಸಿದಳು.

ಹೋದ ಯುಗಾದಿಗೆ ತಮ್ಮ ಊರಿಗೆ ಬಂದಿದ್ದ. ಅವನ ಮೊಮ್ಮಕ್ಕಳು ಈಗ ತೆಲುಗಿನಲ್ಲೇ ಜಗಳಾಡುತ್ತವೆ. ಕಟ್ಟೆಯ ಮೇಲೆ ಕೂತು ಅವನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಕೊನೆಯ ತನಕ ಸುಮ್ಮನೆ ಕೇಳಿದವನು, “ಕಣ್ಣ ಕಾಣಲಾರದವ ಹೊಳ್ಳಿ ಯಾಕ ಬಂದನಣ್ಣ?” ಎಂದ. ಉತ್ತರಕ್ಕೆ ಕಾಯದೆ ಎದ್ದು, ಚಪ್ಪಲಿ ಮೆಟ್ಟಿ, ಹೊಲದ ಕಡೆ ನಡೆದ.