ದೂರದ ಸರ್ವರು, ಕೈಯಲ್ಲಿರುವ ಪೆನ್‌ಡ್ರೈವು

ಕೆಲವು ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಮೇಜಿನ ಮೇಲೆ ಪುಸ್ತಕದಷ್ಟೇ ಗಾತ್ರದ ಒಂದು ಪೆಟ್ಟಿಗೆ ಇರುತ್ತದೆ. ತೆರೆ, ಕೀಲಿಮಣೆ, ಮೌಸು ಇವು ಅದಕ್ಕೆ ಸೇರಿಕೊಂಡಿರುತ್ತವೆ. ಥಿನ್ ಕ್ಲಯಂಟ್ ಎಂಬುದು ಇದರ ಹೆಸರು. ಗಣನೆಯ ಕಾರ್ಯವೆಲ್ಲ ನಡೆಯುವುದು ಬೇರೊಂದು ಕೋಣೆಯಲ್ಲಿ, ಕೆಲವೊಮ್ಮೆ ಬೇರೊಂದು ಊರಿನಲ್ಲಿರುವ ಸರ್ವರಿನಲ್ಲಿ. ನಾವು ಒತ್ತಿದ ಕೀಲಿಯ ಸುದ್ದಿ ಅಲ್ಲಿಗೆ ಹೋಗುತ್ತದೆ. ತೆರೆಯ ಚಿತ್ರ ಅಲ್ಲಿಂದ ಬರುತ್ತದೆ.

ಹೀಗಿರಲು ಒಂದು ಪ್ರಶ್ನೆ ಏಳುತ್ತದೆ. ನಾವು ಪೆನ್‌ಡ್ರೈವನ್ನು ಸಿಕ್ಕಿಸುವುದು ಮುಂದಿರುವ ಪೆಟ್ಟಿಗೆಗೆ; ಅದನ್ನು ಓದಬೇಕಾದುದು ದೂರದ ಸರ್ವರು. ಇದು ಹೇಗೆ ಸಾಧ್ಯ?

ಮೈಕ್ರೋಸಾಫ್ಟ್ ಸಂಸ್ಥೆಯ ರಿಮೋಟ್ ಡೆಸ್ಕ್‌ಟಾಪ್ ಪ್ರೋಟೊಕಾಲ್ 1998ರಲ್ಲಿ ಬಳಕೆಗೆ ಬಂದಿತು. ಪೆಟ್ಟಿಗೆಯ ಬಳಿಯಿರುವ ಪ್ರಿಂಟರನ್ನು ಸರ್ವರು ಬಳಸುವ ಸೌಕರ್ಯ ವಿಂಡೋಸ್ 2000ದೊಡನೆಯೂ, ಡಿಸ್ಕು ಮತ್ತು ಧ್ವನಿಯನ್ನು ಬಳಸುವ ಸೌಕರ್ಯ 2001ರ ವಿಂಡೋಸ್ ಎಕ್ಸ್‌ಪಿಯೊಡನೆಯೂ ಸೇರಿದುವು. ತೆರೆಯ ಚಿತ್ರ ಬರುವ ಸಂಪರ್ಕದಲ್ಲಿಯೇ ಇವಕ್ಕೆ ಬೇರೆ ಬೇರೆ ಕಾಲುವೆಗಳನ್ನು ಕಲ್ಪಿಸಲಾಗಿದೆ. ಪೆನ್‌ಡ್ರೈವು ಇಲ್ಲಿಯೇ ಇರುತ್ತದೆ. "ಈ ಕಡತದ ಇಂತಹ ಭಾಗವನ್ನು ಕೊಡು" ಎಂಬ ಕೋರಿಕೆ ಬರುತ್ತದೆ, ಉತ್ತರ ಹೋಗುತ್ತದೆ. ಮನೆಯ ಕಪಾಟಿನಲ್ಲಿರುವ ಪುಸ್ತಕವನ್ನು ದೂರವಾಣಿಯಲ್ಲಿ ಓದಿಸಿ ಕೇಳಿದ ಹಾಗೆ.

ಪ್ರತಿ ಕೋರಿಕೆಗೂ ಕಾಲ ಬೇಕಷ್ಟೆ. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಸರ್ವರು 2,000 ಕಿಲೋಮೀಟರು ದೂರದಲ್ಲಿದ್ದರೆ ಹೋಗಿಬರಲು ಕನಿಷ್ಠ 20 ಮಿಲಿಸೆಕೆಂಡು. 160 ಕೋರಿಕೆಗಳನ್ನು ಒಂದಾದ ಮೇಲೊಂದರಂತೆ ಕಳುಹಿಸಿದರೆ ಕಾಯುವುದಕ್ಕೇ 3.2 ಸೆಕೆಂಡು ಕಳೆಯುತ್ತದೆ. ಕಡತಕ್ಕೆ ಈ ವಿಳಂಬದಿಂದ ಹಾನಿಯಿಲ್ಲ.

ಕ್ಯಾಮೆರಾದ ಮಾತು ಬೇರೆ. ಯುಎಸ್‌ಬಿ ಸಂಕೇತಗಳನ್ನೇ ಹಾಗೆಹಾಗೆಯೇ ಸರ್ವರಿಗೆ ಸಾಗಿಸುವ ಇನ್ನೊಂದು ವಿಧಾನವುಂಟು. ಆಗ ಸಲಕರಣೆಯನ್ನು ನಡೆಸುವ ತಂತ್ರಾಂಶ ಸರ್ವರಿನಲ್ಲಿದ್ದರೆ ಸಾಕು. ಆದರೆ ಲೆಕ್ಕ ಹಾಕಿ ನೋಡೋಣ. 640×480 ಬಿಂದುಗಳ ಚಿತ್ರ, ಬಿಂದುವಿಗೆ 16 ಬಿಟ್ಟು, ಸೆಕೆಂಡಿಗೆ 30 ಚಿತ್ರ: ಒಟ್ಟು ಸುಮಾರು 14.7 ಕೋಟಿ ಬಿಟ್ಟು. ಯುಎಸ್‌ಬಿ 2.0 ತಂತಿಯ ಗರಿಷ್ಠ ವೇಗ ಸೆಕೆಂಡಿಗೆ 48 ಕೋಟಿ ಬಿಟ್ಟು. ಅದು ಇದನ್ನು ಹೊರಬಲ್ಲುದು. 10 ಕೋಟಿ ಬಿಟ್ಟಿನ ಸಾಮಾನ್ಯ ಜಾಲ ಹೊರಲಾರದು. ಮೇಲಾಗಿ ಚಿತ್ರ ಸಮಯಕ್ಕೆ ಸರಿಯಾಗಿ ಬರಬೇಕು. ಹಾಡುಗಾರರು ಒಂದೂರಿನಲ್ಲಿಯೂ ಮೃದಂಗದವರು ಇನ್ನೊಂದೂರಿನಲ್ಲಿಯೂ ಕುಳಿತರೆ ತಾಳ ಉಳಿದೀತೆ? ಆದುದರಿಂದ ಚಿತ್ರವನ್ನು ಪೆಟ್ಟಿಗೆಯಲ್ಲಿಯೇ ಸಂಕೋಚಿಸಿ ಕಳುಹಿಸುವುದು ಜಾಣತನ.

ಈ ಅನುಕೂಲದೊಡನೆ ಅಪಾಯವೂ ಇದೆ. ಪೆನ್‌ಡ್ರೈವಿಗೆ ಒಮ್ಮೆ ದಾರಿ ತೆರೆದರೆ, ಸರ್ವರಿನಲ್ಲಿ ನಮ್ಮ ಹೆಸರಿನಿಂದ ನಡೆಯುವ ಯಾವ ತಂತ್ರಾಂಶವೂ ಅದರಲ್ಲಿರುವುದನ್ನು ಓದಬಲ್ಲುದು, ಅಳಿಸಲೂಬಲ್ಲುದು. ಪೆನ್‌ಡ್ರೈವಿನಲ್ಲಿರುವ ವೈರಸ್ಸು ಹಲವರು ಬಳಸುವ ಸರ್ವರನ್ನು ಮುಟ್ಟಲೂಬಹುದು. ಅನೇಕ ಕಚೇರಿಗಳು ಈ ದಾರಿಯನ್ನು ಮುಚ್ಚಿರುವುದು ಇದಕ್ಕಾಗಿಯೇ. ನಂಬಿಕೆಯಿಲ್ಲದ ಸರ್ವರಿಗೆ ಸೇರುವಾಗ ನಮ್ಮ ಡಿಸ್ಕುಗಳನ್ನು ಹಂಚಿಕೊಳ್ಳುವ ಆಯ್ಕೆಯನ್ನು ತೆಗೆದುಹಾಕಬೇಕು. ಬರೆಯುವುದು ಮುಗಿಯುವ ಮೊದಲೇ ಪೆನ್‌ಡ್ರೈವನ್ನು ಕಿತ್ತರೆ, ವರ್ಷವಿಡೀ ದುಡಿದು ಸಿದ್ಧಪಡಿಸಿದ ಪ್ರಬಂಧವೂ ಅರ್ಧಕ್ಕೆ ನಿಂತೀತು.

ಪೆನ್‌ಡ್ರೈವು ನಮ್ಮ ಕೈಯಲ್ಲಿಯೇ ಇದೆ, ನಿಜ. ಆದರೆ ಅದನ್ನು ಓದುವ ಕಣ್ಣು ಬೇರೆಡೆಯಲ್ಲಿದೆ ಎಂಬುದನ್ನು ನಾವು ಮರೆಯಬಾರದು.