ಕೀಲಿಮಣೆಯೂ ಕನ್ನಡದ ಅಕ್ಷರಗಳೂ

ವಿದ್ಯಾರ್ಥಿವೇತನದ ಅರ್ಜಿ, ಅಂಕಪಟ್ಟಿ, ವರ್ಗಾವಣೆಯ ಪತ್ರ ಮುಂತಾದುವೆಲ್ಲವೂ ಈಗ ಗಣಕಯಂತ್ರದಲ್ಲಿಯೇ ಸಿದ್ಧವಾಗುವುವು. ಬಾಲಿಕೆಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಒಂದು ದಾಖಲೆಯು ಮತ್ತೊಂದಕ್ಕೆ ಹೊಂದದೆ, ತಂದೆತಾಯಿಗಳು ದಿನದ ಕೂಲಿಯನ್ನು ಬಿಟ್ಟು ಹೊಸಪೇಟೆಗೆ ಅಲೆಯಬೇಕಾಗುವುದು. ಇಂಥ ತಪ್ಪಿಗೆ “ಕೀಲಿ ಕೆಟ್ಟಿದೆ” ಎಂಬುದು ಸಾಮಾನ್ಯವಾದ ಸಮಾಧಾನ. ಆದರೆ ಅನೇಕ ವೇಳೆ ಕೀಲಿಯಲ್ಲಿ ದೋಷವಿರುವುದಿಲ್ಲ. ಅದರ ಹಿಂದಿರುವ ಅಕ್ಷರಕ್ರಮವು ಬೇರೆಯಾಗಿರುತ್ತದೆ. ಈ ಭೇದವನ್ನರಿತವಳು ತನ್ನ ಹೆಸರನ್ನು ತಾನೇ ಶುದ್ಧವಾಗಿ ಬರೆಯಬಲ್ಲಳು.

ಮೊದಲು ಪರೀಕ್ಷಿಸತಕ್ಕ ಕ್ರಮವಿದು. ಯಂತ್ರವನ್ನು ಇಂಗ್ಲಿಷಿಗೆ ತಿರುಗಿಸಿ ಸಂಶಯವಿರುವ ಕೀಲಿಯನ್ನು ಒತ್ತಿರಿ. ಅಕ್ಷರವು ಸರಿಯಾಗಿ ಮೂಡಿದರೆ ಕೀಲಿಯು ನಿರ್ದೋಷಿ. ಮೂಡದಿದ್ದರೆ ಯಂತ್ರವನ್ನು ನಿಲ್ಲಿಸಿ, ಕೀಲಿಮಣೆಯನ್ನು ಬಿಚ್ಚಿ, ಮಗುಚಿ, ಮೆಲ್ಲನೆ ತಟ್ಟಬೇಕು. ಸಂಡೂರಿನ ಅದಿರಿನ ಕೆಂಧೂಳನ್ನು ಬಲ್ಲ ನಮ್ಮ ಸೀಮೆಯವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ನೀರನ್ನು ಮಾತ್ರ ಎಂದಿಗೂ ಸುರಿಯಬಾರದು. ಇನ್ನೊಂದು ವಿಶೇಷವುಂಟು: ವಿಂಡೋಸ್ ಯಂತ್ರದಲ್ಲಿ ಬಲಗಡೆಯ ಶಿಫ್ಟ್ ಕೀಲಿಯನ್ನು 8 ಸೆಕೆಂಡು ಒತ್ತಿಹಿಡಿದರೆ ‘ಫಿಲ್ಟರ್ ಕೀಸ್’ ಎಂಬ ಏರ್ಪಾಡು ಆರಂಭವಾಗಿ, ಬೇಗಬೇಗನೆ ಒತ್ತಿದ ಕೀಲಿಗಳನ್ನು ಯಂತ್ರವು ಲೆಕ್ಕಿಸದು. ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟನ್ನು ಬಳಸುವ ಕನ್ನಡಿಗರು ಇದನ್ನು ನೆನಪಿನಲ್ಲಿಡತಕ್ಕದ್ದು. ಸೆಟ್ಟಿಂಗ್ಸಿನಲ್ಲಿ ಅದನ್ನು ನಿಲ್ಲಿಸಿದರೆ ತೊಂದರೆ ಪರಿಹಾರವಾಗುವುದು.

ಇನ್ನು ಅಕ್ಷರಕ್ರಮದ ವಿಚಾರ. ಕನ್ನಡಕ್ಕೆ ಮುಖ್ಯವಾಗಿ ಎರಡು ಕ್ರಮಗಳಿವೆ. ಶ್ರೀ ಕೆ. ಪಿ. ರಾಯರು ರೂಪಿಸಿದುದು ಒಂದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವುದು ಇದೇ. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ‘ಇನ್‌ಸ್ಕ್ರಿಪ್ಟ್’ ಮತ್ತೊಂದು. ನಮ್ಮೂರಿನ ಹೆಸರನ್ನೇ ತೆಗೆದುಕೊಳ್ಳೋಣ. ‘ಕಡ್ಡಿರಾಂಪುರ’ ಎಂಬುದಕ್ಕೆ ಕ, ಡ, ವಿರಾಮ, ಡ, ಗುಡಿಸು, ರ, ದೀರ್ಘ, ಸೊನ್ನೆ, ಪ, ಕೊಂಬು, ರ ಎಂದು 11 ಚಿಹ್ನೆಗಳು ಬೇಕು. ಎರಡು ಕ್ರಮಗಳಲ್ಲಿಯೂ ಈ ಅನುಕ್ರಮವು ಒಂದೇ. ಆದರೆ ನುಡಿಯಲ್ಲಿ ವಿರಾಮವನ್ನು ಕೊಡುವ ‘ಎಫ್’ ಕೀಲಿಯು ಇನ್‌ಸ್ಕ್ರಿಪ್ಟಿನಲ್ಲಿ ಗುಡಿಸನ್ನು ಕೊಡುವುದು. ಒತ್ತಕ್ಷರ ಬಾರದಿದ್ದಾಗ ಮೊದಲು ಕ್ರಮವು ಯಾವುದೆಂಬುದನ್ನು ನೋಡಬೇಕು.

ವಿಶೇಷ ಚಿಹ್ನೆಗಳಲ್ಲಿ ಮೂರನ್ನು ಇಲ್ಲಿ ಹೇಳುವೆನು. ಮೊದಲನೆಯದು ಸೊನ್ನೆ. ಅನುಸ್ವಾರಕ್ಕೆ ಬದಲಾಗಿ ಕನ್ನಡ ಅಂಕೆಯ ಸೊನ್ನೆಯನ್ನು ಒತ್ತಿದರೆ ಕಣ್ಣಿಗೆ ವ್ಯತ್ಯಾಸವು ಕಾಣದು. ಯಂತ್ರಕ್ಕೆ ಮಾತ್ರ ಅದು ಬೇರೆಯೇ ಶಬ್ದ. ‘ಶಾಂತಾ’ ಎಂದು ಹುಡುಕಿದಾಗ ಪಟ್ಟಿಯಲ್ಲಿರುವ ಶಾಂತಾ ಸಿಕ್ಕದಿರುವುದಕ್ಕೆ ಇದೂ ಒಂದು ಕಾರಣ. ಎರಡನೆಯದು ‘ರ‍್ಯಾಂಕ್’ ಎಂಬಲ್ಲಿನ ರಕಾರ. ರ, ವಿರಾಮ, ಯ ಎಂದು ಬರೆದರೆ ‘ಸೂರ್ಯ’ದಲ್ಲಿರುವಂತೆ ಅರ್ಕಾವೊತ್ತು ಬರುವುದು. ರಕಾರವು ಪೂರ್ಣವಾಗಿ ನಿಲ್ಲಬೇಕಾದರೆ ರ ಆದ ಮೇಲೆ, ವಿರಾಮಕ್ಕೆ ಮೊದಲು, ಕಣ್ಣಿಗೆ ಕಾಣದ ಜೋಡಕವೊಂದನ್ನು ಇಡಬೇಕು. ವರ್ಡಿನಲ್ಲಿ ಇಂಗ್ಲಿಷಿನಿಂದ 200ಡಿ ಎಂದು ಬರೆದು ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ದೊರೆಯುವುದು. ಮೂರನೆಯದು 2010ರಲ್ಲಿ ಅಂಗೀಕೃತವಾದ ರೂಪಾಯಿಯ ಚಿಹ್ನೆ ₹. ವಿಂಡೋಸಿನ ‘ಇಂಗ್ಲಿಷ್ ಇಂಡಿಯಾ’ ಕ್ರಮದಲ್ಲಿ ಬಲಗಡೆಯ ಆಲ್ಟನ್ನು ಹಿಡಿದು 4ನ್ನು ಒತ್ತಿದರೆ ಸಾಕು.

ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತವು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು. ಅಲ್ಲಿ ಕೆಟ್ಟಿರುವುದು ಕಡತವಲ್ಲ, ಆ ಅಕ್ಷರಗಳು ಯಂತ್ರದಲ್ಲಿಲ್ಲವಷ್ಟೆ. 1991ರಿಂದ ಕನ್ನಡವೂ ಸೇರಿರುವ ಯೂನಿಕೋಡಿಗೆ ಅದನ್ನು ಪರಿವರ್ತಿಸಿದರೆ ಎಲ್ಲೆಡೆಯೂ ಓದಬಹುದು.

ಆದುದರಿಂದ ಪೋಷಕರು ಅರ್ಜಿಯನ್ನು ಒಪ್ಪಿಸುವುದಕ್ಕೆ ಮುಂಚೆ ಮಗಳ ಹೆಸರನ್ನು ಅವಳಿಂದಲೇ ಅಕ್ಷರಶಃ ಓದಿಸಿರಿ. ಹಳೆಯ ವಿದ್ಯಾರ್ಥಿನಿಯರೂ ತಮ್ಮ ನೆರೆಹೊರೆಯ ಬಾಲಿಕೆಯರಿಗೆ ಈ ವಿದ್ಯೆಯನ್ನು ಕಲಿಸಿಕೊಡುವರಾದರೆ, ಹೆಸರು ತಿದ್ದಿಸುವುದಕ್ಕಾಗಿ ಅಲೆಯುವ ಎಷ್ಟೋ ದಿನಗಳು ಉಳಿದಾವು.