ಬ್ಯಾಟರಿಗೆ ಸ್ವಂತ ದನಿಯಿಲ್ಲ

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿದಾಗ, ಅದುವರೆಗೆ ಧ್ವನಿಮುದ್ರಿಕೆಗಳಲ್ಲಷ್ಟೇ ಕೇಳಿದ್ದ ಗಿಟಾರಿನ ಸದ್ದನ್ನು ಸಾವಿರಾರು ಜನ ಎದುರಿಗೇ ಕೇಳಿದರು. ಬಿಗಿಯಾದ, ಎಷ್ಟು ಜೋರು ಮಾಡಿದರೂ ಕಲಸಿಹೋಗದ ಸದ್ದು ಅದು. ತಂಡದ ಜೇಮ್ಸ್ ಹೆಟ್‌ಫೀಲ್ಡ್ ಮತ್ತು ಕರ್ಕ್ ಹ್ಯಾಮೆಟ್ ಇಬ್ಬರೂ ಇಎಂಜಿ ಎಂಬ ಅಮೆರಿಕನ್ ಕಂಪನಿಯ, ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಪಿಕಪ್‌ಗಳನ್ನು ದಶಕಗಳಿಂದ ನೆಚ್ಚಿಕೊಂಡವರು. ಇಂಥವರ ಹೆಸರಿನ ಜೊತೆಗೇ ಒಂದು ನಂಬಿಕೆಯೂ ಗಿಟಾರ್ ಕಲಿಯುವವರಲ್ಲಿ ಬೇರೂರಿದೆ: ಆ್ಯಕ್ಟಿವ್ ಪಿಕಪ್ ಎಂದರೆ ಹೆವಿ ಮೆಟಲ್, ಅದು ಖಡಕ್ಕಾದರೂ ಜೀವವಿಲ್ಲದ್ದು, ಬ್ಯಾಟರಿಯಿಲ್ಲದ ಪ್ಯಾಸಿವ್ ಎಂದರೆ ಬ್ಲೂಸ್ ಮತ್ತು ಜಾಝ್, ಅದು ಬೆಚ್ಚಗಿನ ನಾದ. ಗಿಟಾರಿನ ಒಳಗೆ ಬ್ಯಾಟರಿ ಇದೆಯೋ ಇಲ್ಲವೋ ಎಂಬುದರ ಮೇಲೆ ನಾದದ ಗುಣವನ್ನೇ ತೀರ್ಮಾನಿಸುವ ಈ ಕ್ರಮ ತಪ್ಪು ಎಂದು ನಾನು ವಾದಿಸುತ್ತೇನೆ. ಈ ಎರಡರ ನಡುವೆ ವ್ಯತ್ಯಾಸವಂತೂ ಇದೆ, ಅದು ಕಿವಿಗೆ ಕೇಳಿಸುವಂಥದ್ದೇ. ಆದರೆ ಅದು ಹುಟ್ಟುವುದು ಸುರುಳಿಯಲ್ಲಿ ಮತ್ತು ಕೇಬಲ್ಲಿನಲ್ಲಿ.

ಇದನ್ನು ಅರಿಯಲು ಪಿಕಪ್ಪಿನ ಒಳಗನ್ನೊಮ್ಮೆ ನೋಡಬೇಕು. ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಒಂದು ಪುಟ್ಟ ಡಬ್ಬಿಯಿರುತ್ತದೆ, ಅದೇ ಪಿಕಪ್. ಅದರೊಳಗೆ ಆಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಸಾಮಾನ್ಯ ಸ್ಟ್ರಾಟೋಕಾಸ್ಟರ್ ಪಿಕಪ್ಪಿನಲ್ಲಿ ಈ ತಂತಿ ಏಳೆಂಟು ಸಾವಿರ ಸುತ್ತು ಸುತ್ತಿಕೊಂಡಿರುತ್ತದೆ. ಆಯಸ್ಕಾಂತದ ಪ್ರಭಾವಕ್ಕೆ ಸಿಕ್ಕ ಉಕ್ಕಿನ ತಂತಿ ಮಿಡಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ, ಆ ಏರಿಳಿತದಿಂದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವೇ ಇದು. ಜಾರ್ಜ್ ಬೋಶಾಂ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಸೇರಿ 1930ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ಗಿಟಾರಿನಲ್ಲೂ ನಡೆದದ್ದು ಇದೇ, ಇಂದಿನ ಪಿಕಪ್ಪಿನಲ್ಲಿ ನಡೆಯುವುದೂ ಇದೇ. ಹುಟ್ಟುವ ವಿದ್ಯುತ್ತು ಮಾತ್ರ ತೀರಾ ಅಲ್ಪ, ಒಂದು ವೋಲ್ಟಿನ ಹತ್ತನೇ ಒಂದು ಭಾಗದ ಆಸುಪಾಸು. ಅದನ್ನು ಹೆಚ್ಚಿಸಲು ಸುತ್ತುಗಳನ್ನು ಹೆಚ್ಚಿಸಬೇಕು. ಸುತ್ತು ಹೆಚ್ಚಿದಂತೆಲ್ಲ ಸುರುಳಿಯ ಇಂಡಕ್ಟೆನ್ಸ್ ಹೆಚ್ಚುತ್ತದೆ, ಅಂದರೆ ವೇಗವಾಗಿ ಬದಲಾಗುವ ವಿದ್ಯುತ್ತಿಗೆ, ಕಿವಿಯ ಲೆಕ್ಕದಲ್ಲಿ ಹೇಳುವುದಾದರೆ ಕೀಚಲು ದನಿಗಳಿಗೆ, ಸುರುಳಿಯೇ ಅಡ್ಡಿಯಾಗುತ್ತದೆ. ಪ್ಯಾಸಿವ್ ಪಿಕಪ್ ತಯಾರಿಸುವವರು ಒಂದನ್ನು ಪಡೆಯಬೇಕೆಂದರೆ ಇನ್ನೊಂದನ್ನು ಬಿಡಲೇಬೇಕು.

ಇಲ್ಲಿಗೆ ಕಥೆ ಅರ್ಧ. ಪ್ಯಾಸಿವ್ ಪಿಕಪ್ಪಿನಿಂದ ಹೊರಟ ವಿದ್ಯುತ್ತು ಗಿಟಾರಿನ ನಾಬ್‌ಗಳನ್ನೂ ಆಮೇಲೆ ಉದ್ದನೆಯ ಕೇಬಲ್ಲನ್ನೂ ದಾಟಿ ಆಂಪ್ಲಿಫೈಯರ್ ಸೇರಬೇಕು. ಕೇಬಲ್ಲಿನ ಒಳತಂತಿ ಮತ್ತು ಅದನ್ನು ಸುತ್ತಿದ ಲೋಹದ ಹೆಣಿಗೆಯ ನಡುವೆ ಒಂದಿಷ್ಟು ವಿದ್ಯುತ್ತು ಶೇಖರವಾಗುತ್ತದೆ. ಸಾಮಾನ್ಯ ಗಿಟಾರ್ ಕೇಬಲ್ಲಿನಲ್ಲಿ ಈ ಶೇಖರಣಾ ಸಾಮರ್ಥ್ಯ, ಅಂದರೆ ಕೆಪಾಸಿಟೆನ್ಸ್, ಮೀಟರಿಗೆ 100 ಪಿಕೋಫ್ಯಾರಡ್ ಆಸುಪಾಸು. ಸುರುಳಿಯ ಇಂಡಕ್ಟೆನ್ಸ್ ಮತ್ತು ಕೇಬಲ್ಲಿನ ಕೆಪಾಸಿಟೆನ್ಸ್ ಒಟ್ಟಾಗಿ ಒಂದು ನಿರ್ದಿಷ್ಟ ಆವರ್ತನವನ್ನು ಎತ್ತಿ ತೋರಿಸುತ್ತವೆ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದಾಗ ಮಾತ್ರ ಅದು ಮೇಲಕ್ಕೇರುವಂತೆ, ಆ ಆವರ್ತನದ ಸುತ್ತಲ ದನಿಗಳಷ್ಟೇ ಎದ್ದು ಕಾಣುತ್ತವೆ, ಅದರಿಂದಾಚೆಯವು ಬೇಗನೆ ಕುಸಿಯುತ್ತವೆ. ಲೆಕ್ಕ ಹಾಕಿ ನೋಡಬಹುದು. 2.5 ಹೆನ್ರಿ ಇಂಡಕ್ಟೆನ್ಸ್ ಇರುವ ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ) ಪಿಕಪ್ಪಿಗೆ 6 ಮೀಟರ್ ಕೇಬಲ್ ಹಾಕಿ, ಗಿಟಾರಿನ ಒಳತಂತಿ ಮತ್ತು ಆಂಪ್‌ನ ಪಾಲೆಂದು ಇನ್ನು 100 ಪಿಕೋಫ್ಯಾರಡ್ ಸೇರಿಸಿದರೆ ಆ ಶಿಖರ ಬೀಳುವುದು ಸುಮಾರು 3,800 ಹರ್ಟ್ಸ್‌ನಲ್ಲಿ. ಅದೇ ಪಿಕಪ್ಪಿಗೆ 3 ಮೀಟರ್ ಕೇಬಲ್ ಹಾಕಿ, ಶಿಖರ 5,000ಕ್ಕೆ ಏರುತ್ತದೆ. ಎರಡು ಸುರುಳಿಗಳ, 4.5 ಹೆನ್ರಿಯ ಹಂಬಕರ್ ಪಿಕಪ್ ಆದರೆ 6 ಮೀಟರ್ ಕೇಬಲ್ಲಿನಲ್ಲಿ 2,800ರ ಹತ್ತಿರಕ್ಕೆ ಇಳಿಯುತ್ತದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವುದು 2,000 ಮತ್ತು 5,000 ಹರ್ಟ್ಸ್ ನಡುವೆ. ಸ್ಟ್ರಾಟೋಕಾಸ್ಟರಿನ ಗಾಜಿನಂಥ ಹೊಳಪು, ಲೆಸ್ ಪಾಲ್ ಗಿಟಾರಿನ ದಪ್ಪ ದನಿ ಎಂದು ನಾವು ಹೊಗಳುವುದರ ಬಹುಪಾಲು ಈ ಶಿಖರ ಎಲ್ಲಿ ಬೀಳುತ್ತದೆ, ಎಷ್ಟು ಮೊನಚಾಗಿದೆ ಎನ್ನುವುದರಲ್ಲಿದೆ. ಅಂದಮೇಲೆ ಪ್ಯಾಸಿವ್ ಪಿಕಪ್ಪಿನ ನಾದ ಗಿಟಾರಿನೊಳಗೆ ಪೂರ್ತಿಯಾಗುವುದೇ ಇಲ್ಲ. ಕೇಬಲ್ ಬದಲಿಸಿದರೆ ವಾದ್ಯದ ಒಂದು ಭಾಗವನ್ನೇ ಬದಲಿಸಿದ ಹಾಗೆ.

ಆ್ಯಕ್ಟಿವ್ ಪಿಕಪ್ ಕೈಹಾಕುವುದು ಇದೇ ಜಾಗಕ್ಕೆ. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಶುರುಮಾಡಿದ ರಾಬ್ ಟರ್ನರ್, ಮುಂದೆ ಇಎಂಜಿ ಎಂದು ಹೆಸರಾದ ಪಿಕಪ್ಪುಗಳಲ್ಲಿ, ಸುರುಳಿಯ ಜೊತೆಗೆ ಒಂದು ಪುಟ್ಟ ಪ್ರಿಆಂಪನ್ನೂ ಡಬ್ಬಿಯೊಳಗೇ ಕೂರಿಸಿದರು. ಅದಕ್ಕೆ ಬೇಕಾದ ವಿದ್ಯುತ್ತನ್ನು 9 ವೋಲ್ಟಿನ ಬ್ಯಾಟರಿ ಒದಗಿಸುತ್ತದೆ. ಶಕ್ತಿ ಹೆಚ್ಚಿಸುವ ಕೆಲಸ ಪ್ರಿಆಂಪಿನದಾದ ಮೇಲೆ ಸುರುಳಿಗೆ ಅಷ್ಟೊಂದು ಸುತ್ತು ಬೇಕಿಲ್ಲ, ಹಾಗಾಗಿ ಕೀಚಲು ದನಿಗಳನ್ನು ಬಲಿಕೊಡಬೇಕಾದ ಒತ್ತಾಯವೂ ಇಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪಿಕಪ್ಪಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಹೊರಬರುವ ವಿದ್ಯುತ್ತಿಗೆ ಪಿಕಪ್ ಒಡ್ಡುವ ತಡೆ, ಸುಮಾರು 10 ಕಿಲೋ ಓಮ್‌ಗೆ ಇಳಿಯುತ್ತದೆ. ಅದೇ 6 ಮೀಟರ್ ಕೇಬಲ್ ಹಾಕಿ ಲೆಕ್ಕ ಮಾಡಿದರೆ ದನಿ ಕುಸಿಯತೊಡಗುವುದು 22,000 ಹರ್ಟ್ಸ್ ದಾಟಿದ ಮೇಲೆ, ಅಂದರೆ ಕಿವಿಯ ಎಲ್ಲೆಯಿಂದಾಚೆ. ಕೇಬಲ್ಲಿಗೆ ಇನ್ನು ನಾದವನ್ನು ತಿದ್ದುವ ಅಧಿಕಾರವಿಲ್ಲ. ಪಿಕಪ್ ತಯಾರಿಸಿದ ಎಂಜಿನಿಯರ್ ಯಾವ ಶಿಖರವನ್ನು ಒಳಗೆ ಇಟ್ಟಿದ್ದಾರೋ ಅದೇ ಆಂಪನ್ನು ತಲುಪುತ್ತದೆ. ಅಲ್ಲಿಗೆ ಬ್ಯಾಟರಿಯ ಕೆಲಸ ಆ ತೀರ್ಮಾನವನ್ನು ಕಾಪಾಡುವುದಷ್ಟೇ. ಯಾವ ನಾದ ಎಂಬುದನ್ನು ನಿರ್ಧರಿಸುವುದು ಅದಲ್ಲ.

ಇದಕ್ಕೆ ಗಟ್ಟಿ ಸಾಕ್ಷಿ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್. 1980ರ ದಶಕದ ಕೊನೆಯಿಂದ 1990ರ ದಶಕದವರೆಗಿನ ಕಛೇರಿಗಳಲ್ಲಿ ಅವರ ಕೈಯಲ್ಲಿದ್ದ ಕೆಂಪು ಸ್ಟ್ರಾಟೋಕಾಸ್ಟರಿನಲ್ಲಿ ಇದ್ದದ್ದು ಇದೇ ಇಎಂಜಿ ಕಂಪನಿಯ ಆ್ಯಕ್ಟಿವ್ ಪಿಕಪ್ಪುಗಳು, ಜೊತೆಗೆ ನಾದ ತಿದ್ದಲು ಎರಡು ಸಣ್ಣ ಆ್ಯಕ್ಟಿವ್ ಸರ್ಕ್ಯೂಟುಗಳು. ಒಂದೊಂದು ಸ್ವರವನ್ನೂ ಎಳೆದು ಹಾಡಿಸುವ ಆ ನಾದವನ್ನು ಜೀವವಿಲ್ಲದ್ದು ಎಂದು ಯಾರೂ ಕರೆಯಲಾರರು, ಹೆವಿ ಮೆಟಲ್ ಎಂದಂತೂ ಅಲ್ಲವೇ ಅಲ್ಲ. ಹೆಟ್‌ಫೀಲ್ಡ್ ಅವರ ಸದ್ದಿಗೂ ಗಿಲ್ಮೋರ್ ಅವರ ಸದ್ದಿಗೂ ಸಾಮಾನ್ಯವಾದ ಅಂಶ ಬ್ಯಾಟರಿ. ಬೇರೆಯಾದದ್ದು ಸುರುಳಿ, ಆಯಸ್ಕಾಂತ, ಆಂಪ್ ಮತ್ತು ಬೆರಳು. ಇನ್ನೊಂದು ದಿಕ್ಕಿನಿಂದ ಬಂದ ಸಾಕ್ಷಿ ಲೆಸ್ ಪಾಲ್ ಅವರದು. ಗಿಟಾರ್ ವಾದಕರೂ ಧ್ವನಿಮುದ್ರಣದಲ್ಲಿ ಹೊಸ ದಾರಿ ತೆರೆದವರೂ ಆದ ಅವರು ಕಡಿಮೆ ಸುತ್ತಿನ, ಕಡಿಮೆ ಇಂಪೀಡೆನ್ಸಿನ ಪಿಕಪ್ಪುಗಳ ಕಟ್ಟಾ ಪಕ್ಷಪಾತಿ. 1969ರಿಂದ ಗಿಬ್ಸನ್ ಕಂಪನಿ ಅವರ ಹೆಸರಿನಲ್ಲಿ ಅಂಥ ಗಿಟಾರ್‌ಗಳನ್ನೇ ಮಾಡಿತು. ಅವುಗಳ ಪಿಕಪ್ಪಿನಲ್ಲಿ ಬ್ಯಾಟರಿ ಇರಲಿಲ್ಲ, ಆದರೂ ಇಂದು ಆ್ಯಕ್ಟಿವ್ ಪಿಕಪ್ಪಿನ ಗುಣವೆಂದು ಹೇಳುವ ಸ್ಪಷ್ಟತೆ ಅವುಗಳಲ್ಲಿತ್ತು. ಒಂದೇ ಬಗೆಯ ಬ್ಯಾಟರಿಯಿಂದ ಎರಡು ಬೇರೆ ನಾದ, ಬ್ಯಾಟರಿಯೇ ಇಲ್ಲದೆ ಆ್ಯಕ್ಟಿವ್ ಎನಿಸುವ ನಾದ, ಈ ಎರಡೂ ಸಾಧ್ಯವೆಂದಾದರೆ ಬ್ಯಾಟರಿಯ ಮೇಲಿನ ಆರೋಪ ನಿಲ್ಲುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಅನುಭವದ್ದು: ಆ್ಯಕ್ಟಿವ್ ಪಿಕಪ್ಪಿನಲ್ಲಿ ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಒಂದೇ ತರಹ ಕೇಳಿಸುತ್ತದೆ, ಕೈಯ ಭಾವ ದಾಟುವುದಿಲ್ಲ. ಇದರಲ್ಲಿ ನಿಜವಿದೆ. ಪ್ರಿಆಂಪಿಗೆ ಸಿಗುವುದು 9 ವೋಲ್ಟು, ಜೋರು ಪೆಟ್ಟು ಅದರ ಮಿತಿಯನ್ನು ಮುಟ್ಟಿದರೆ ಏರಿಳಿತದ ತುದಿ ಕತ್ತರಿಸಿಹೋಗುತ್ತದೆ. ಎರಡು ಬ್ಯಾಟರಿ ಹಾಕಿ 18 ವೋಲ್ಟು ಮಾಡಿಕೊಳ್ಳುವವರು ಇರುವುದು ಇದಕ್ಕಾಗಿಯೇ. ಆದರೆ ಅದಕ್ಕಿಂತ ದೊಡ್ಡ ಕಾರಣ ಆಂಪ್‌ನಲ್ಲಿದೆ ಎಂಬುದು ನನ್ನ ತರ್ಕ. ಆ್ಯಕ್ಟಿವ್ ಪಿಕಪ್ಪಿನಿಂದ ಬರುವ ಹೆಚ್ಚಿನ ವಿದ್ಯುತ್ತು ಆಂಪನ್ನು ಬೇಗ ಡಿಸ್ಟಾರ್ಷನ್‌ಗೆ ತಳ್ಳುತ್ತದೆ. ಡಿಸ್ಟಾರ್ಷನ್ ಎಂದರೇ ಏರಿಳಿತವನ್ನು ಅದುಮುವುದು. ಆಂಪ್‌ನ ಗೇನ್ ಇಳಿಸದೆ ಪಿಕಪ್ಪನ್ನು ದೂರುವುದು ನ್ಯಾಯವಲ್ಲ. ಎರಡನೆಯ ಆಕ್ಷೇಪ, ಕಿವಿಗಿಂತ ದೊಡ್ಡ ಪ್ರಮಾಣ ಉಂಟೇ ಎಂಬುದು. ಕಿವಿಯೇ ಪ್ರಮಾಣ, ಒಪ್ಪುತ್ತೇನೆ. ಆದರೆ 1933ರಲ್ಲೇ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ತೋರಿಸಿಕೊಟ್ಟಂತೆ, ಸದ್ದಿನ ಮಟ್ಟ ಬದಲಾದರೆ ಮಂದ್ರ ಮತ್ತು ಕೀಚಲು ದನಿಗಳು ಕಿವಿಗೆ ಕೇಳಿಸುವ ಪ್ರಮಾಣವೇ ಬದಲಾಗುತ್ತದೆ. ಜೋರಾದದ್ದು ತುಂಬಿದ ನಾದದಂತೆ ತೋರುತ್ತದೆ. ಅಂಗಡಿಯಲ್ಲಿ ನಿಂತು ಎರಡು ಗಿಟಾರ್ ಹೋಲಿಸುವಾಗ ಎರಡರ ಸದ್ದನ್ನು ಸಮ ಮಾಡಿಕೊಳ್ಳದಿದ್ದರೆ, ಹೋಲಿಸಿದ್ದು ಗದ್ದಲವನ್ನು, ನಾದವನ್ನಲ್ಲ.

ಪ್ಯಾಸಿವ್ ಪಕ್ಷದ ಮೂರನೆಯ ವಾದವೊಂದಿದೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಉತ್ತರ ಬೇಕೂ ಇಲ್ಲ, ಏಕೆಂದರೆ ಅದು ಸರಿ. ಪ್ಯಾಸಿವ್ ಗಿಟಾರಿನಲ್ಲಿ ವಾಲ್ಯೂಮ್ ನಾಬನ್ನು ತುಸು ಹಿಂದಕ್ಕೆ ತಿರುಗಿಸಿದರೆ ಸದ್ದಿನ ಜೊತೆಗೆ ಹೊಳಪೂ ಇಳಿಯುತ್ತದೆ, ನಾಬಿನ ಪ್ರತಿರೋಧ ಮತ್ತು ಕೇಬಲ್ ಸೇರಿ ಕೀಚಲನ್ನು ಹೀರುತ್ತವೆ. ಎಂಜಿನಿಯರನ ಕಣ್ಣಿಗೆ ಇದು ದೋಷ. ಆದರೆ ನುಡಿಸುತ್ತಲೇ ಕಿರುಬೆರಳಿನಿಂದ ಆ ನಾಬನ್ನು ತಿರುಗಿಸಿ ಸ್ವರವನ್ನು ಮಸುಕಾಗಿಸುತ್ತ, ಬೆಳಗಿಸುತ್ತ ಹೋದ ಗಿಟಾರ್ ವಾದಕ ಜೆಫ್ ಬೆಕ್ ಅಂಥವರಿಗೆ ನಾಬ್ ಕೂಡ ವಾದ್ಯದ ಅಂಗ. ಗಿಟಾರಿನ ಸದ್ದನ್ನು ಒರಟಾಗಿಸುವ 1966ರ ಫಝ್ ಫೇಸ್ ಪೆಡಲ್ ಇದಕ್ಕಿಂತ ಸ್ಪಷ್ಟ ಉದಾಹರಣೆ. ಅದರ ಇನ್‌ಪುಟ್ ಇಂಪೀಡೆನ್ಸ್ ತೀರಾ ಕಡಿಮೆ, ಹಾಗಾಗಿ ಪಿಕಪ್ಪಿನ ಸುರುಳಿ ಅದರ ಸರ್ಕ್ಯೂಟಿನ ಭಾಗವೇ ಆಗಿಬಿಡುತ್ತದೆ. ಗಿಟಾರಿನ ವಾಲ್ಯೂಮ್ ಇಳಿಸಿದರೆ ಆ ಒರಟು ಸದ್ದು ತಿಳಿಯಾಗುತ್ತ ಬರುತ್ತದೆ. ಆ್ಯಕ್ಟಿವ್ ಪಿಕಪ್ ಜೋಡಿಸಿದರೆ ಈ ಮಾತುಕತೆ ನಿಂತುಹೋಗುತ್ತದೆ, ಸದ್ದು ಕರ್ಕಶವಾಗುತ್ತದೆ. ಇದೂ ನನ್ನ ವಾದಕ್ಕೇ ಒತ್ತು ಕೊಡುತ್ತದೆ: ಎರಡರ ನಡುವಿನ ನಿಜವಾದ ಆಯ್ಕೆ, ನಾಬು, ಕೇಬಲ್ಲು, ಪೆಡಲ್ಲುಗಳು ನಾದದಲ್ಲಿ ಕೈಯಾಡಿಸಬೇಕೋ ಬೇಡವೋ ಎಂಬುದು.

ನಮ್ಮೂರುಗಳ ವೇದಿಕೆಯ ಮಾತು ಬಂದರೆ ಆ್ಯಕ್ಟಿವ್ ಪಿಕಪ್ಪಿಗೆ ಒಂದು ದೊಡ್ಡ ಅನುಕೂಲವಿದೆ, ಅದು ನಾದಕ್ಕಿಂತ ನಿಶ್ಶಬ್ದಕ್ಕೆ ಸೇರಿದ್ದು. ಒಂಟಿ ಸುರುಳಿಯ ಪ್ಯಾಸಿವ್ ಪಿಕಪ್, ಸುತ್ತಲಿನ ವೈರು ಮತ್ತು ದೀಪಗಳಿಂದ 50 ಹರ್ಟ್ಸ್‌ನ ಗುಂಯ್ ಸದ್ದನ್ನು ಸೆಳೆದುಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್, ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ ಅದನ್ನು ಬಹುಮಟ್ಟಿಗೆ ಅಡಗಿಸಿತು, ಅದೂ ಬ್ಯಾಟರಿಯಿಲ್ಲದೆ. ಆದರೂ ಪ್ಯಾಸಿವ್ ಗಿಟಾರಿನ ತಂತಿಗಳನ್ನು ಸಾಮಾನ್ಯವಾಗಿ ಗ್ರೌಂಡ್‌ಗೆ ಜೋಡಿಸಿರುತ್ತಾರೆ, ವಾದಕನ ಮೈ ಸೆಳೆಯುವ ಸದ್ದು ಆ ದಾರಿಯಲ್ಲಿ ಹರಿದುಹೋಗಲಿ ಎಂದು. ಇಎಂಜಿ ಮಾದರಿಯ ಆ್ಯಕ್ಟಿವ್ ಪಿಕಪ್ಪಿನಲ್ಲಿ ಆ ಜೋಡಣೆಯೇ ಬೇಡ. ಅರ್ಥಿಂಗ್ ಸರಿಯಿಲ್ಲದ ಸಭಾಭವನದಲ್ಲಿ ಒಂದು ಕೈ ತಂತಿಯ ಮೇಲಿಟ್ಟು ತುಟಿಯನ್ನು ಮೈಕಿಗೆ ತಾಗಿಸುವ ಗಾಯಕನಿಗೆ ಶಾಕ್ ಹೊಡೆಯುವ ಒಂದು ದಾರಿ ಇದರಿಂದ ಮುಚ್ಚುತ್ತದೆ. ಹಾಗೆಂದು ಅರ್ಥಿಂಗ್ ಸರಿಪಡಿಸುವ ಕೆಲಸವನ್ನು ಪಿಕಪ್ಪಿಗೆ ವಹಿಸಿ ಸುಮ್ಮನಿರುವುದು ಅಪಾಯ.

ಪಿಕಪ್ ಬದಲಿಸಲು ಹೊರಟವರಿಗೆ ನನ್ನ ಮನವಿ ಇಷ್ಟು. ಮೊದಲು ಈಗಿರುವ ಪ್ಯಾಸಿವ್ ಗಿಟಾರಿಗೆ ಗಿಡ್ಡ ಕೇಬಲ್ ಸಿಕ್ಕಿಸಿ, ಅದರ ತುದಿಗೆ ಇಂಪೀಡೆನ್ಸ್ ಇಳಿಸುವ ಒಂದು ಬಫರ್ ಪೆಡಲ್ ಇಟ್ಟು, ಅಲ್ಲಿಂದ ಆಂಪ್‌ಗೆ ಉದ್ದನೆಯ ಕೇಬಲ್ ಎಳೆಯಿರಿ. ಉದ್ದನೆಯ ಕೇಬಲ್ಲಿನ ಭಾರ ಪಿಕಪ್ಪಿನ ಮೇಲಿಂದ ತಪ್ಪಿದಾಗ ನಾದ ಹೇಗಾಗುತ್ತದೆ ಎಂಬುದು ಕೇಳಿಸುತ್ತದೆ; ಆ್ಯಕ್ಟಿವ್ ಪಿಕಪ್ ಕೊಡುವುದರ ಅರ್ಧ ಅಲ್ಲೇ ಇದೆ. ಪಿಕಪ್ಪಿನ ಪಕ್ಕದ ಸ್ಕ್ರೂಗಳನ್ನು ತಿರುಗಿಸಿ ತಂತಿಗೂ ಅದಕ್ಕೂ ಇರುವ ಅಂತರವನ್ನು ಹೆಚ್ಚು ಕಡಿಮೆ ಮಾಡಿ, ಪ್ರತಿ ಸಲವೂ ಸದ್ದಿನ ಮಟ್ಟ ಸಮ ಮಾಡಿ ಕೇಳಿ. ಇಷ್ಟಾದ ಮೇಲೂ ಉದ್ದನೆಯ ಕೇಬಲ್, ಹೆಚ್ಚು ಗೇನ್, ಗದ್ದಲದ ವೇದಿಕೆ ನಿಮ್ಮ ದಿನನಿತ್ಯವಾಗಿದ್ದರೆ ಆ್ಯಕ್ಟಿವ್ ಕೊಳ್ಳಿ. ನಾಬ್ ಮತ್ತು ಫಝ್ ಪೆಡಲ್ ನಿಮ್ಮ ಕೈಗೆ ಒಗ್ಗಿದ್ದರೆ ಪ್ಯಾಸಿವ್‌ನಲ್ಲೇ ಉಳಿಯಿರಿ. ಆ್ಯಕ್ಟಿವ್ ಕೊಂಡವರು ನುಡಿಸಿ ಮುಗಿದ ಕೂಡಲೇ ಗಿಟಾರಿನಿಂದ ಕೇಬಲ್ ಕಿತ್ತಿಡಬೇಕು, ಜ್ಯಾಕಿನಲ್ಲಿ ಕೇಬಲ್ ಇರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.